ಹುಳಿಮಾವು ಕೆರೆಯ ಮೇಲೆ ಕೇಳಿದ ಕರೆ

ಓದುಗರೆದುರು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ದೆವ್ವ, ಪೀಡೆ, ಗಾಳಿ ಸೋಕುವುದು, ಇವು ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಈಗಲೂ ಇಲ್ಲ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ನಾನು ಒಂದು ವಾರಪತ್ರಿಕೆಗೆ ಬರೆದ ಮೊದಲ ಲೇಖನವೇ ಕೂಗುಮಾರಿಯ ವಿರುದ್ಧವಾಗಿತ್ತು. ನಮ್ಮ ಜರಗನಹಳ್ಳಿಯ ಹಿರಿಯರ ಪ್ರಕಾರ, ಮುಸ್ಸಂಜೆಯಾದ ಮೇಲೆ ಕೂಗುಮಾರಿ ನಮಗೆ ಬೇಕಾದವರ ದನಿಯನ್ನೇ ಎರವಲು ಪಡೆದು ನಮ್ಮ ಹೆಸರು ಹಿಡಿದು ಕರೆಯುತ್ತದೆ. ಓಗೊಟ್ಟವರು ಹೆಚ್ಚು ಕಾಲ ಉಳಿಯುವುದಿಲ್ಲ. ಆದರೆ ಅದಕ್ಕೆ ಮೂರನೆಯ ಸಲ ಕರೆಯಲು ಬಾರದು. ಮೂರು ಸಲ ಕರೆಯುವುದು ಮನುಷ್ಯರು ಮಾತ್ರ. ಆದ್ದರಿಂದ ನಮ್ಮಲ್ಲಿ ಸಂಜೆಯ ಹೊತ್ತು ಮೂರನೆಯ ಕರೆಗಲ್ಲದೆ ಯಾರೂ ‘ಓ’ ಎನ್ನುವುದಿಲ್ಲ.

ನಮ್ಮ ಬೀದಿಯ ಬಾಣಂತಿಯೊಬ್ಬಳು ಜ್ವರದಿಂದ ತೀರಿಕೊಂಡಾಗ, ಸಂಜೆ ಯಾರೋ ಕರೆದದ್ದಕ್ಕೆ ಓ ಅಂದಳಂತೆ ಎಂದು ಎಲ್ಲರೂ ತಲೆಯಾಡಿಸಿದರು. ಜ್ವರ ಏರಿದಾಗ ಅವಳನ್ನು ಆಸ್ಪತ್ರೆಗೆ ಏಕೆ ಸಾಗಿಸಲಿಲ್ಲ? ಗಂಡನ ಮನೆಯವರು ಯಾರ ಅಪ್ಪಣೆಗಾಗಿ ಕಾದರು? ಇದನ್ನು ಒಬ್ಬರೂ ಕೇಳಲಿಲ್ಲ. ಉತ್ತರ ಹೇಳಬೇಕಾದವರೆಲ್ಲ ಆ ಸಾವನ್ನು ಕೂಗುಮಾರಿಯ ತಲೆಗೆ ಕಟ್ಟಿ ಕೈತೊಳೆದುಕೊಂಡರು. ಆ ಸಿಟ್ಟಿನಲ್ಲಿ ಬರೆದ ಲೇಖನದ ಕೊನೆಯ ಸಾಲು ಒಂದು ಸವಾಲು: ಅದು ನನ್ನನ್ನು ಕರೆಯಲಿ, ಮೊದಲ ಕರೆಗೇ ಓ ಎನ್ನುತ್ತೇನೆ. ಅದನ್ನು ನನ್ನ ಅಜ್ಜಿಗೆ, ಎಂದರೆ ಅಪ್ಪನ ತಾಯಿಗೆ, ಓದಿ ಹೇಳಿದೆ. ಅವಳು ಗಮನವಿಟ್ಟು ಕೇಳಿ, “ಚೆಂದಾಗೈತೆ. ಆದ್ರೆ ಇಂಥದ್ದನ್ನ ದೀಪ ಹಚ್ಚೋ ಹೊತ್ನಲ್ಲಿ ಓದ್ಬ್ಯಾಡ” ಎಂದಳು.

ನನಗೆ ಇನ್ನೊಂದು ಹುಚ್ಚೂ ಇತ್ತು. ಚಿಕ್ಕಂದಿನಿಂದ ಸಂಜೆಯಾದರೆ ನಾನು ಮನೆಯ ಮಾಳಿಗೆಯ ಮೇಲೆ ವಿಮಾನಗಳಿಗಾಗಿ ಕಾಯುತ್ತಿದ್ದೆ. ಸುತ್ತ ಹೊಲಗಳು ಸೈಟುಗಳಾಗಿ, ಜೆ.ಪಿ. ನಗರದ ಕಲ್ಲುಕಂಬಗಳು ನಮ್ಮ ರಾಗಿ ಹೊಲದವರೆಗೂ ಬಂದಿದ್ದರೂ ಆಕಾಶವನ್ನು ಇನ್ನೂ ಯಾರೂ ಅಳೆದಿರಲಿಲ್ಲ. ಇಂಜಿನ್ನಿನ ಸದ್ದು ಕೇಳಿಯೇ ಇದು ಆವ್ರೊ, ಇದು ಫ್ರೆಂಡ್‌ಶಿಪ್ ಎಂದು ವಿಮಾನದ ಜಾತಿ ಹೇಳಬಲ್ಲೆನೆಂಬ ಜಂಬ ನನ್ನದು. ಅಜ್ಜಿ ನನಗೆ ಗೀಜಗ ಎಂದು ಹೆಸರಿಟ್ಟಳು. ಬೇರೆ ಯಾರೂ ನನ್ನನ್ನು ಹಾಗೆ ಕರೆಯುತ್ತಿರಲಿಲ್ಲ. ಕತ್ತಲಾಗುತ್ತಿದ್ದಂತೆ ಕೆಳಗಿನಿಂದ ಕೂಗುವಳು: “ಗೀಜಗಾ, ಇಳ್ದು ಬಾರೇ!” ತಾನು ಕೂಗುಮಾರಿಯಲ್ಲ ಎಂದು ತೋರಿಸಲು ಮೂರು ಸಲವೂ ತಪ್ಪದೆ ಕೂಗುವಳು. ನಾನು ಬೇಕೆಂದೇ ಮೊದಲನೆಯದಕ್ಕೆ ಓ ಎನ್ನುವೆ. ಬೈಗುಳ ತಿನ್ನುವೆ.

ನಾನು ಹೇಳಹೊರಟಿರುವುದು ಎಪ್ಪತ್ತರ ದಶಕದ ಕೊನೆಯ ಒಂದು ಸಂಜೆಯ ಸಂಗತಿ. ಅಜ್ಜಿಯ ಕಣ್ಣಿನ ಪೊರೆ ತೆಗೆಸಲು ಅವಳನ್ನು ಮದರಾಸಿಗೆ ಕರೆದೊಯ್ದಿದ್ದೆವು. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು, ರೈಲಿನ ಕುಲುಕಾಟವೂ ಹೊಗೆಯೂ ಸದ್ಯಕ್ಕೆ ಬೇಡ ಎಂದರು. ಅಪ್ಪ ವಿಮಾನದ ಎರಡು ಟಿಕೆಟ್ ತೆಗೆಸಿ ತಾವು ರೈಲು ಹತ್ತಿದರು. ಹೀಗೆ, ಅಷ್ಟು ವರ್ಷ ತಲೆಯೆತ್ತಿ ನೋಡಿದ್ದ ವಿಮಾನದೊಳಗೆ ನಾನು ಮೊದಲ ಬಾರಿಗೆ ಕಾಲಿಟ್ಟದ್ದು ಅಜ್ಜಿಯ ಕೈಹಿಡಿದು. ಅವಳ ಒಂದು ಕಣ್ಣಿಗೆ ಹಸಿರು ಬಟ್ಟೆಯ ಪಟ್ಟಿ ಕಟ್ಟಿತ್ತು. ಇನ್ನೊಂದು ಕಣ್ಣು ಮೊದಲೇ ಮಂಜು.

ನಮಗೆ ಸಿಕ್ಕದ್ದು ಫ್ರೆಂಡ್‌ಶಿಪ್. ಅದರ ರೆಕ್ಕೆ ಕಿಟಕಿಗಳ ಮೇಲ್ಗಡೆ ಇರುವುದರಿಂದ ನೆಲ ಅಡ್ಡಿಯಿಲ್ಲದೆ ಕಾಣುತ್ತದೆ. ಬಲಬದಿಯ ಕಿಟಕಿಗೆ ನಾನು ಅಂಟಿಕೊಂಡೆ, ಪಕ್ಕದಲ್ಲಿ ಅಜ್ಜಿ. ಗಗನಸಖಿ ತಟ್ಟೆಯಲ್ಲಿ ಪೆಪ್ಪರಮೆಂಟನ್ನೂ ಕಿವಿಗೆ ಇಟ್ಟುಕೊಳ್ಳಲು ಹತ್ತಿಯನ್ನೂ ತಂದಳು. ಅಜ್ಜಿ ಹತ್ತಿಯನ್ನು ಎರಡೂ ಕಿವಿಗೆ ಗಟ್ಟಿಯಾಗಿ ತುರುಕಿಕೊಂಡಳು. ಅಲ್ಲಿಂದ ಮುಂದೆ ನಾನು ಹೇಳಿದ್ದನ್ನೆಲ್ಲ ಅವಳ ಕೆನ್ನೆಗೆ ಕೆನ್ನೆ ತಾಗಿಸಿ ಕೂಗಿ ಹೇಳಬೇಕಾಯಿತು. ಚಕ್ರದ ಕಾಲುಗಳು ಇಂಜಿನ್ನಿನ ಅಡಿಗೆ ಮಡಚಿಕೊಂಡವು ಎಂದು ನಾನು ಕೂಗಿದಾಗ, “ಕೋಳಿ ಕಾವಿಗೆ ಕೂತಂಗೆ ಅನ್ನು!” ಎಂದು ಅವಳೂ ಕೂಗಿದಳು. ಮುಂದಿನ ಸಾಲಿನ ಟೈ ಕಟ್ಟಿದ ಇಬ್ಬರು ತಿರುಗಿ ನೋಡಿದರು. ಅಷ್ಟು ಸಂತೋಷವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅಂದು ಗಾಳಿ ಮೂಡಣದಿಂದ ಬೀಸುತ್ತಿದ್ದಿರಬೇಕು. ಅಂಥ ದಿನಗಳಲ್ಲಿ ಮದರಾಸಿನ ವಿಮಾನ ಬೆಂಗಳೂರಿನ ದಕ್ಷಿಣವನ್ನು ಬಳಸಿ, ಪಶ್ಚಿಮದ ಕಡೆಯಿಂದ ಇಳಿಯುತ್ತಿತ್ತು. ಸೂರ್ಯ ಆಗಷ್ಟೇ ಮುಳುಗಿದ್ದ. ಕೆಳಗೆ ಬನ್ನೇರುಘಟ್ಟದ ರಸ್ತೆಯ ಗೆರೆ, ಅದರ ಪಕ್ಕದಲ್ಲಿ ಇನ್ನೂ ಬೆಳಕು ಹಿಡಿದುಕೊಂಡಿದ್ದ ಹುಳಿಮಾವು ಕೆರೆ. ಅದರಾಚೆ ನಮ್ಮೂರಿನ ಹುಣಸೆ ತೋಪು ಕಂಡಿತೆಂದೇ ನನ್ನ ನೆನಪು. ಇಳಿಯುವ ಸಿದ್ಧತೆಗಾಗಿ ಇಂಜಿನ್ನುಗಳ ಸದ್ದು ತಗ್ಗಿತು.

ಆಗ ಕೇಳಿತು. “ಗೀಜಗಾ, ಇಳ್ದು ಬಾರೇ!”

ಅದು ಅಜ್ಜಿಯ ದನಿ. ಪಕ್ಕದಿಂದ ಬಂದದ್ದಲ್ಲ, ನನ್ನ ಬಲಗಿವಿಯ ಕಡೆಯಿಂದ, ಕಿಟಕಿಯ ಆಚೆಯಿಂದ. ಮಾಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತು ಅವಳು ‘ಬಾರೇ’ ಎನ್ನುವುದನ್ನು ಎಳೆಯುತ್ತಿದ್ದಳಲ್ಲ, ಅದೇ ಎಳೆತ. ನಾನು ಅಜ್ಜಿಯತ್ತ ತಿರುಗಿದೆ. ಅವಳ ಬಾಯಲ್ಲಿ ಪೆಪ್ಪರಮೆಂಟಿತ್ತು. ತುಟಿ ಮುಚ್ಚಿತ್ತು. ನಾನು ಏನನ್ನೂ ಹೇಳುವ ಮೊದಲೇ ಅವಳು ಪೆಪ್ಪರಮೆಂಟನ್ನು ಕೆನ್ನೆಗೆ ಒತ್ತರಿಸಿ ಕೇಳಿದಳು: “ಯಾರೇ ಅದು, ನನ್ನ ದನಿಯಾಗೆ ನಿನ್ನ ಕರೀತಿರೋದು?”

ಓದುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಾನೊಬ್ಬಳೇ ಕೇಳಿದ್ದರೆ ಈ ಬರಹಕ್ಕೆ ಕಾರಣವಿರಲಿಲ್ಲ. ಕಿವಿಯಲ್ಲಿ ಹತ್ತಿ ತುಂಬಿಕೊಂಡು, ನನ್ನ ಕೂಗೇ ಸರಿಯಾಗಿ ಕೇಳದಿದ್ದವಳು ಅದನ್ನು ಕೇಳಿದಳು. ನನಗಿಂತ ಮೊದಲು ಬಾಯಿಬಿಟ್ಟು ಹೇಳಿದಳು.

ಎರಡನೆಯ ಸಲ ಕರೆ ಬಂತು. ಈ ಬಾರಿ ಇನ್ನೂ ಹತ್ತಿರ, ಇನ್ನೂ ಮುದ್ದಾಗಿ. ನನ್ನ ಸವಾಲು ನನಗೆ ನೆನಪಿತ್ತು. ಪತ್ರಿಕೆಯಲ್ಲಿ ಅಚ್ಚಾದ ಮಾತನ್ನು ಒಬ್ಬ ಮುದುಕಿಯ ಭಯಕ್ಕಾಗಿ ನುಂಗಿಕೊಳ್ಳುವುದೆ? ಓ ಎನ್ನಲು ಬಾಯಿ ತೆರೆದೆ. ಅಜ್ಜಿಯ ಒರಟು ಅಂಗೈ ನನ್ನ ಬಾಯಿಗೆ ಬಿತ್ತು. ಮಂಜುಗಣ್ಣಿನವಳು ಅಷ್ಟು ಕರಾರುವಾಕ್ಕಾಗಿ ಹೇಗೆ ಮುಚ್ಚಿದಳೋ ತಿಳಿಯದು. ಮುಚ್ಚಿದ ಕೈ ತೆಗೆಯದೆಯೇ ನನ್ನ ಮಡಿಲ ಮೇಲೆ ಬಾಗಿ, ಕಿಟಕಿಯ ಗಾಜಿಗೆ ಹಣೆ ತಾಗಿಸಿ, ಇಡೀ ವಿಮಾನಕ್ಕೆ ಕೇಳುವಂತೆ ಅವಳೇ ಕೂಗಿದಳು:

“ಓ! ಬತ್ತಾ ಇದ್ದೀವಿ. ನಿಧಾನಕ್ಕೇ ಬತ್ತೀವಿ, ನೀನು ನಡಿ!”

ಗಗನಸಖಿ ಓಡಿಬಂದು, ನೀರು ಬೇಕೆ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಟೈ ಕಟ್ಟಿದವರಲ್ಲೊಬ್ಬರು, “ಮೊದಲನೇ ಸಲ ಅಲ್ವಾ, ಹಂಗಾಗುತ್ತೆ ಬಿಡಿ” ಎಂದು ನಕ್ಕರು. ಅವರಿಗೆ ಕೇಳಿಸಿದ್ದು ಅಜ್ಜಿಯ ಉತ್ತರ ಮಾತ್ರ. ಕರೆ ಯಾರಿಗೂ ಕೇಳಿಸಿರಲಿಲ್ಲ. ಒಬ್ಬೊಬ್ಬರನ್ನೂ ಕೇಳಿ ಖಚಿತಪಡಿಸಿಕೊಂಡೆ. ಮೂರನೆಯ ಕರೆ ಬರಲಿಲ್ಲ. ಬರುವುದಿತ್ತೆ, ಇಲ್ಲವೆ? ಅಜ್ಜಿ ನಡುವೆಯೇ ಓಗೊಟ್ಟದ್ದರಿಂದ ಊರಿನ ಶಾಸ್ತ್ರದ ಪ್ರಕಾರವೂ ಆ ಪರೀಕ್ಷೆ ಪೂರ್ತಿಯಾಗಲಿಲ್ಲ. ವಿಮಾನ ಹೂವಿನಂತೆ ಇಳಿಯಿತು. ನನ್ನ ಮೊದಲ ಇಳಿತವನ್ನು ನಾನು ನೋಡಲೇ ಇಲ್ಲ. ಅಜ್ಜಿಯ ಮುಖ ನೋಡುತ್ತಿದ್ದೆ.

ಉತ್ತರ ಕೇಳುವುದು ನನ್ನ ಸ್ವಭಾವ. ವಿಮಾನ ಸಂಸ್ಥೆಯ ಬೆಂಗಳೂರಿನ ಕಚೇರಿಗೆ ಹೋಗಿ, ವಿಮಾನದಲ್ಲಿ ಕನ್ನಡದ ಪ್ರಕಟಣೆ ಏನಾದರೂ ಇತ್ತೆ ಎಂದು ಪಟ್ಟುಹಿಡಿದು ವಿಚಾರಿಸಿದೆ. “ಮೇಡಂ, ನಮ್ಮ ಅನೌನ್ಸ್‌ಮೆಂಟಲ್ಲಿ ಗೀಜಗ, ಗುಬ್ಬಿ ಯಾವ್ದೂ ಬರಲ್ಲ” ಎಂದರು ಅಲ್ಲಿಯ ಅಧಿಕಾರಿ. ಮನಶ್ಶಾಸ್ತ್ರದ ಅಧ್ಯಾಪಕರೊಬ್ಬರು, ಕಿವಿಯ ಮೇಲಿನ ಒತ್ತಡ ಬದಲಾದಾಗ ಮನಸ್ಸು ಇಂಜಿನ್ನಿನ ಸದ್ದಿನಲ್ಲಿ ಪರಿಚಿತ ದನಿಯನ್ನು ಕಟ್ಟಿಕೊಳ್ಳುತ್ತದೆ ಎಂದರು. ಒಪ್ಪಿದೆ. ಇಬ್ಬರ ಮನಸ್ಸೂ ಒಂದೇ ಗಳಿಗೆಯಲ್ಲಿ ಒಂದೇ ವಾಕ್ಯವನ್ನು ಕಟ್ಟುತ್ತದೆಯೇ ಎಂದೆ. ಅವರು ಕನ್ನಡಕ ಒರೆಸಿಕೊಂಡರು.

ಕೊನೆಗೆ ಅಜ್ಜಿಯನ್ನೇ ಕೇಳಿದೆ. ನೀನು ನಂಬುವವಳಲ್ಲವೆ, ನಂಬಿಯೂ ಓ ಎಂದೆಯಲ್ಲ, ಏಕೆ? ಅವಳು ಅವರೆಕಾಯಿ ಸುಲಿಯುತ್ತಿದ್ದಳು. “ನನ್ ದನಿ ತಾನೇ ಕಣೇ? ನನ್ ದನಿಗೆ ನಾನೇ ಓ ಅಂದ್ರೆ ಯಾವ ಮಾರಿ ಏನ್ ಮಾಡ್ಕೊತದೆ?” ಎಂದಳು. ಎಂಥ ತರ್ಕ! ನನ್ನ ಅಧ್ಯಾಪಕರಲ್ಲಿ ಯಾರಿಗೂ ಹೊಳೆಯದ್ದು. ಆದರೆ ಆ ತರ್ಕದಲ್ಲಿ ಅವಳಿಗೆ ಪೂರ್ತಿ ಭರವಸೆ ಇದ್ದಿದ್ದರೆ, ಅಂದು ಮನೆ ಸೇರಿದ ಕೂಡಲೇ ತನ್ನ ಕಿವಿಯ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟು, “ನಿಂಗೇ ಇರ್ಲಿ” ಎನ್ನುತ್ತಿದ್ದಳೆ?

ಈ ಬರಹವನ್ನು ಹಿಡಿದುಕೊಂಡು ಯಾರಾದರೂ ಕೂಗುಮಾರಿ ಉಂಟು ಎಂದು ವಾದಿಸಿದರೆ ಅವರ ವಿರುದ್ಧ ಮೊದಲು ನಿಲ್ಲುವವಳು ನಾನು. ಆ ಬಾಣಂತಿಯ ಸಾವಿಗೆ ಹೊಣೆಗಾರರು ಮನುಷ್ಯರೇ. ಅವರು ಇಂದಿಗೂ ಉತ್ತರ ಕೊಟ್ಟಿಲ್ಲ. ಆದರೆ ಹುಳಿಮಾವು ಕೆರೆಯ ಮೇಲೆ ನನ್ನನ್ನು ಕರೆದವರು ಯಾರು? ಅದಕ್ಕೆ ನನ್ನಲ್ಲೂ ಉತ್ತರವಿಲ್ಲ. ವರ್ಷಗಳು ಕಳೆದಿವೆ, ಅಜ್ಜಿ ಗಟ್ಟಿಯಾಗಿದ್ದಾಳೆ, ಮುದ್ದೆ ಉಣ್ಣುತ್ತಾಳೆ, ಬಾಡಿಗೆಯವರ ಜೊತೆ ನಲ್ಲಿ ನೀರಿಗೆ ಜಗಳವಾಡುತ್ತಾಳೆ. ಹೀಗಿದ್ದೂ, ಏನನ್ನೂ ನಂಬದ ನಾನು ಅವಳ ಒಂದು ಕೆಮ್ಮಿಗೆ ಹಾಸಿಗೆಯಿಂದ ಎದ್ದು ಕೂರುತ್ತೇನೆ.

ಈಗಲೂ ಒಳಮನೆಯಲ್ಲಿ ಕೆಮ್ಮಿದಳು. ನನ್ನ ಪೆನ್ನು ನಿಂತಿತು. ಪೆನ್ನಿನ ಸದ್ದು ನಿಂತದ್ದು ಅವಳಿಗೆ ಹೇಗೆ ಕೇಳಿತೋ, ಒಳಗಿನಿಂದಲೇ ಗದರಿದಳು:

“ಇದ್ದೀನಿ ಕಣೇ, ಬರ್ಕೋ.”