ಅಕ್ಕ ಟಿವಿಯಲ್ಲಿ ಕುಣಿದ ಶುಕ್ರವಾರ

ಇವತ್ತು ಕೋಡುಬಳೆ ಎಣ್ಣೆಗೆ ಬಿಟ್ಟೊಡನೆ ಆ ಸಂಜೆಯ ಹೆದರಿಕೆ ಮರಳಿ ಬಂತು.

ಆಗ, ಅರವತ್ತರ ದಶಕದಲ್ಲಿ, ಅಮೆರಿಕದ ಡೆಟ್ರಾಯ್ಟ್‌ನ ನಮ್ಮ ಬೀದಿಯಲ್ಲಿ ನಮ್ಮನ್ನು ಬಿಟ್ಟರೆ ಎಲ್ಲರೂ ಬಿಳಿಯರು. ಹೈಸ್ಕೂಲು ಮಕ್ಕಳು ಹಾಡಿಗೆ ಕುಣಿಯುವ ಟಿವಿ ಕಾರ್ಯಕ್ರಮಕ್ಕೆ ಅಕ್ಕ ಗೆಳತಿಯರೊಂದಿಗೆ ಹೋದಳು. ಸ್ಟುಡಿಯೋ ಬಾಗಿಲಲ್ಲಿದ್ದವನು ಅವಳ ಮೈಬಣ್ಣ ನೋಡಿ, ಅವಳೊಬ್ಬಳಿಗೆ ಮಾತ್ರ ಶುಕ್ರವಾರ ಬರಲು ಹೇಳಿದ.

"ಶುಕ್ರವಾರಾನಾ? ಲಕ್ಷ್ಮೀ ವಾರ ಕಣೇ!" ಎಂದು ಹಿಗ್ಗಿದ ಅಮ್ಮ ನೆರೆಯ ಹೆಂಗಸರನ್ನೆಲ್ಲ ಅರಿಶಿನ ಕುಂಕುಮಕ್ಕೆ ಕರೆದಳು.

ಅದು ಕಪ್ಪು ಮಕ್ಕಳಿಗೆಂದೇ ಬಿಟ್ಟ ದಿನವೆಂದು ನಮಗೆ ಗೊತ್ತಾದದ್ದು ಟಿವಿ ಹಾಕಿದ ಮೇಲೆ. ಅವರ ನಡುವೆ ಅಕ್ಕ ನಗುನಗುತ್ತ ಕುಣಿಯುತ್ತಿದ್ದಳು. ಹೆಂಗಸರು ಕೋಡುಬಳೆಯ ತಟ್ಟೆ ಕೆಳಗಿಟ್ಟು ಒಬ್ಬೊಬ್ಬರಾಗಿ ಎದ್ದರು. ಅಮ್ಮ ಕುಂಕುಮದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಯಾರೂ ಅವಳ ಮುಂದೆ ನಿಲ್ಲಲಿಲ್ಲ.

ಅಪ್ಪ ಕಿಟಕಿಯ ಪರದೆ ಎಳೆದರು. "ಅವಳು ಬರೋವರೆಗೂ ದೀಪ ಹಾಕ್ಬೇಡಿ. ಯಾರಾದ್ರೂ ಕಲ್ಲು ಹೊಡೆದಾರು."

ಹೊರಗೆ ಕಾರು ನಿಧಾನವಾದಾಗಲೆಲ್ಲ ಅಮ್ಮ ನನ್ನ ಭುಜವನ್ನು ಬಿಗಿಯಾಗಿ ಹಿಡಿಯುತ್ತಿದ್ದಳು. ಕೊನೆಗೆ ಅಕ್ಕ ಹಾಡು ಗುನುಗುತ್ತ ಒಳಬಂದಳು.

"ಯಾಕೆ ಕತ್ತಲೇಲಿ ಕೂತಿದೀರಾ? ನಾನು ಟಿವೀಲಿ ಕಂಡ್ನಾ?"

"ಕಂಡೆ ಮಗಳೇ," ಎಂದರು ಅಪ್ಪ. "ಎಲ್ರಿಗೂ ಕಂಡೆ."

ಈಗ ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನ ಈ ಮನೆಯಲ್ಲಿ ಮೊಮ್ಮಗಳು ಫೋನು ಹಿಡಿದು ಓಡಿಬಂದಳು. ಅದರಲ್ಲಿ ಅವಳು ಕುಣಿದ ವಿಡಿಯೋ.

"ಅಜ್ಜಿ, ಎವ್ರಿವನ್ ಕ್ಯಾನ್ ಸೀ ಮೀ!"

ನಾನು ಒಲೆ ಆರಿಸಿ, ಹೋಗಿ ಕಿಟಕಿಯ ಪರದೆ ಎಳೆದೆ.