ವಾರಗಿತ್ತಿಯ ಪೆಟ್ಟಿಗೆಯಲ್ಲಿ ನನ್ನ ಪ್ರೋಗ್ರಾಂ

ಮೈದುನನ ಮದುವೆಯಾಗಿ ಹರಿಹರದ ಹುಡುಗಿ ನಮ್ಮ ಮನೆ ತುಂಬುವ ತನಕ ಆ ಮನೆಯಲ್ಲಿ ಕಂಪ್ಯೂಟರ್ ಗೊತ್ತಿದ್ದವಳೆಂದರೆ ನಾನೊಬ್ಬಳೇ. ಅತ್ತೆ ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ದೊಡ್ಡ ಸೊಸೆ ಕಂಪ್ಯೂಟರ್‌ನಾಗೇ ಟೆಂಪೋ ಓಡಿಸ್ತಾಳ್ರಿ" ಎನ್ನುತ್ತಿದ್ದರು. ನಾನು ಒಳಗೆ ಚಹಾ ಸೋಸುತ್ತ ಅದನ್ನು ಕೇಳಿಯೂ ಕೇಳದವಳಂತೆ ಇರುತ್ತಿದ್ದೆ.

ನಮ್ಮ ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ, ಗೋಡೌನು ನಿಟ್ಟುವಳ್ಳಿಯಲ್ಲಿ. ಸೋಪು, ಬಿಸ್ಕತ್ತು, ಚಹಾಪುಡಿ ತರಿಸಿ ಸುತ್ತಲಿನ ಕಿರಾಣಿ ಅಂಗಡಿಗಳಿಗೆ ಮುಟ್ಟಿಸುವುದು ಮಾವನವರ ವ್ಯಾಪಾರ. ಮೂರು ಟೆಂಪೋಗಳಲ್ಲಿ ಯಾವುದು ಯಾವ ಅಂಗಡಿಗಳಿಗೆ, ಯಾವ ದಾರಿ ಹಿಡಿದು ಹೋಗಬೇಕು ಎಂಬುದಕ್ಕೆ ದಿನಾ ಬೆಳಗ್ಗೆ ಗೋಡೌನಿನಲ್ಲಿ ವಾದ. ನಾನು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಮಧ್ಯಾಹ್ನಗಳಲ್ಲಿ ವಿಡಿಯೊ ನೋಡಿ ನೋಡಿ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಲಿತೆ. ಅಂಗಡಿಗಳನ್ನು ಅದಲು ಬದಲು ಮಾಡಿ ಎಲ್ಲ ಸುತ್ತುಗಳನ್ನೂ ಹೋಲಿಸಿ, ಕಡಿಮೆ ದೂರದ್ದನ್ನು ಆರಿಸುವ ಪ್ರೋಗ್ರಾಂ ಬರೆದೆ. ಗೋಡೌನಿನ ವಾದ ನಿಂತಿತು.

ನನ್ನ ಪ್ರೋಗ್ರಾಂ ತಪ್ಪುತ್ತಿರಲಿಲ್ಲ, ಆದರೆ ಬಲು ನಿಧಾನ. ಬೆಳಗ್ಗೆ ಮನೆಯ ಕಂಪ್ಯೂಟರಿನಲ್ಲಿ ಅದನ್ನು ಶುರು ಮಾಡಿ, ಸ್ನಾನ ಮುಗಿಸಿ, ಮಗಳಿಗೆ ಜಡೆ ಹಾಕಿ ಬಂದರೂ ಅದು ಲೆಕ್ಕ ಹಾಕುತ್ತಲೇ ಇರುತ್ತಿತ್ತು. ಕೊನೆಗಳಿಗೆಯಲ್ಲಿ ಯಾರಾದರೂ ಆರ್ಡರ್ ಸೇರಿಸಿದರೆ ಮತ್ತೆ ಮೊದಲಿನಿಂದ. ಡ್ರೈವರುಗಳು ಬೀಡಿ ಸೇದುತ್ತ ಕಾಯುತ್ತಿದ್ದರು. ಲೆಕ್ಕ ದೊಡ್ಡದು, ಹೊತ್ತು ಹಿಡಿಯುತ್ತದೆ ಎಂದು ನಾನು ಹೇಳಿದ್ದನ್ನು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ವಾರಗಿತ್ತಿ ಬಂದಳು. ಅವಳದು ಮನೆಯಿಂದಲೇ ಕಂಪನಿ ಕೆಲಸ. ಮಹಡಿಯ ಕೋಣೆಯಲ್ಲಿ ತಿರುಗುವ ಕುರ್ಚಿ ಹಾಕಿಸಿಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ ಕೂತರೆ ಅತ್ತೆ ಚಹಾವನ್ನು ಮೇಲಕ್ಕೇ ಕಳಿಸುತ್ತಿದ್ದರು. ಕಳಿಸುವುದೆಂದರೆ ನನ್ನ ಕೈಯಲ್ಲಿ. ನಾನು ಡೈನಿಂಗ್ ಟೇಬಲ್ಲಿನ ತುದಿಯಲ್ಲಿ, ಉಪ್ಪಿನಕಾಯಿ ಭರಣಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ಪ್ರೋಗ್ರಾಂ ಬರೆದವಳು. ಆ ಕುರ್ಚಿ ನೋಡಿದಾಗಲೆಲ್ಲ ನನಗೆ ಒಳಗೇನೋ ಚುರ್ರೆನ್ನುತ್ತಿತ್ತು.

ಒಂದು ಬೆಳಗ್ಗೆ ಅವಳು ನನ್ನ ಹಿಂದೆ ನಿಂತು ಪರದೆಯನ್ನು ನೋಡಿದಳು.

"ಅಕ್ಕಾ, ಇದ್ನ ಪೈಪೈ ಮ್ಯಾಲೆ ಓಡ್ಸಿ ನೋಡೋಣೇನ್ರಿ?"

"ಅದೇನದು?"

"ಅದೂ ಪೈಥಾನ್ ಓದೋ ಇಂಟರ್‌ಪ್ರಿಟರ್ರೇ. ಈಗ ನೀವು ಬಳಸೋದು ಒಂದೇ ಸಾಲು ಲಕ್ಷ ಸಲ ಬಂದ್ರೂ ಲಕ್ಷ ಸಲಾನೂ ಹೊಸದಾಗಿ ಓದಿ ಮಾಡ್ತೈತೆ. ಪೈಪೈ ಹಂಗಲ್ಲ. ಯಾವ ಸಾಲು ಪದೇ ಪದೇ ಬರ್ತೈತೆ ಅಂತ ಗುರ್ತು ಹಿಡಿದು, ಅದನ್ನ ಮಷೀನಿನ ಭಾಷೆಗೇ ತಿರುಗಿಸಿ ಇಟ್ಕೊಂತೈತೆ. ನಿಮ್ದು ಪೂರ್ತಿ ಅವೇ ಸಾಲು ಮತ್ತೆ ಮತ್ತೆ ಬರೋ ಲೆಕ್ಕ. ಭಾಳ ಜೋರು ಓಡ್ತೈತೆ ನೋಡ್ರಿ."

"ಇರೋ ಕಂಪ್ಯೂಟರ್‌ಗೆ ಏನೇನೋ ಹಾಕಬ್ಯಾಡ. ಎಲ್ಲಾ ಕೆಟ್ಟು ಕೂತ್ರೆ ಯಾರು ನೋಡೋರು?" ಎಂದೆ. ದನಿ ನಾನಂದುಕೊಂಡಿದ್ದಕ್ಕಿಂತ ಬಿರುಸಾಗಿತ್ತು.

"ಅದಕ್ಕ ಕಂಟೇನರ್ ಐತಲ್ರಿ. ಒಂದು ಪೆಟ್ಟಿಗಿ ಅನ್ಕೊಳ್ರಿ. ಪೈಪೈ, ನಿಮ್ಮ ಪ್ರೋಗ್ರಾಂ, ಅದಕ್ಕೆ ಬೇಕಾದ್ದೆಲ್ಲ ಪೆಟ್ಟಿಗಿ ಒಳಗೇ. ಹೊರಗಿನ ಕಂಪ್ಯೂಟರ್‌ಗೆ ಏನೂ ತಾಗಂಗಿಲ್ಲ. ಆ ಪೆಟ್ಟಿಗಿನ ಗೋಡೌನಿನ ಕಂಪ್ಯೂಟರ್‌ನಾಗ ಇಟ್ರೂ ಹಿಂಗೇ ಓಡ್ತೈತೆ."

ಸಂಜೆ ಮಹಡಿಯಿಂದ ಕರೆದಳು. ಕಪ್ಪು ಪರದೆಯ ಮೇಲೆ ಏನೋ ಟೈಪ್ ಮಾಡಿ ಎಂಟರ್ ಒತ್ತಿದಳು. ಮೊದಲು ಕೊಂಚ ಹೊತ್ತು ಎಂದಿನಂತೆಯೇ ತೆವಳಿದ ಲೆಕ್ಕ ಆಮೇಲೆ ಒಮ್ಮೆಲೇ ವೇಗ ಹಿಡಿಯಿತು. ಕೈಯಲ್ಲಿದ್ದ ಚಹಾ ಆರುವ ಮೊದಲೇ ಮೂರೂ ಟೆಂಪೋಗಳ ದಾರಿ ಪರದೆಯ ಮೇಲಿತ್ತು. ನಾನು ಒಂದೊಂದೇ ಅಂಗಡಿ ತಾಳೆ ನೋಡಿದೆ. ತಪ್ಪು ಸಿಗಲೆಂದೇ ನೋಡಿದೆ. ಸಿಗಲಿಲ್ಲ.

"ಎಲ್ಲೆಲ್ಲಿ ಬದಲು ಮಾಡಿದಿ?" ಎಂದು ಕೇಳಿದೆ.

"ಒಂದು ಸಾಲೂ ಮುಟ್ಟಿಲ್ಲ ಅಕ್ಕಾ. ಎಲ್ಲಾ ನಿಮ್ದೇ."

ಬದಲು ಮಾಡಿದ್ದರೆ ಚೆನ್ನಾಗಿತ್ತು. ನನ್ನ ಕೈಯಲ್ಲಿ ವರ್ಷಗಟ್ಟಲೆ ತೆವಳಿದ್ದು ಅವಳ ಕೈಗೆ ಹೋದ ದಿನವೇ ಓಡಿತಲ್ಲ ಎಂದು ಹೊಟ್ಟೆಯಲ್ಲಿ ಬೆಂಕಿ ಬಿತ್ತು. "ಚಲೋ ಆತು" ಎಂದಷ್ಟೇ ಹೇಳಿ ಕೆಳಗಿಳಿದೆ.

ವಾರದೊಳಗೆ ಪೆಟ್ಟಿಗೆ ಗೋಡೌನಿನ ಕಂಪ್ಯೂಟರಿಗೆ ಹೋಯಿತು. ಅವಳು ಪರದೆಯ ಮೇಲೆ ಇಟ್ಟುಕೊಟ್ಟ ಬಟನ್ ಒತ್ತಿ ಮಾವ ತಾವೇ ದಾರಿ ತೆಗೆಯತೊಡಗಿದರು. ಬೆಳಗ್ಗೆ ಯಾರೂ ನನ್ನನ್ನು ಕರೆಯಲಿಲ್ಲ. ಅತ್ತೆಯ ಮಾತೂ ಬದಲಾಯಿತು: "ನಮ್ಮ ಸಣ್ಣ ಸೊಸೆ ಬಂದ ಮ್ಯಾಲೆ ಎಲ್ಲಾ ಫಟಾಫಟ್ ನೋಡ್ರಿ." ನನಗೆ ಆಗ ಅವಳ ಎಲ್ಲದರಲ್ಲೂ ಹುಳುಕು ಕಾಣುತ್ತಿತ್ತು. ಅವಳು ಹೆಚ್ಚಿದ ಈರುಳ್ಳಿ ದಪ್ಪ, ಅವಳು ಮಡಿಚಿದ ಸೀರೆ ಸೊಟ್ಟ. ಅವಳ ಪೆಟ್ಟಿಗೆಯಲ್ಲೂ ಒಂದು ಹುಳುಕು ಇದ್ದೇ ಇರಬೇಕೆಂದು ದಿನಾ ಅನ್ನಿಸುತ್ತಿತ್ತು.

ನಾಗರ ಪಂಚಮಿಗೆ ಅವಳು ಹರಿಹರಕ್ಕೆ, ತವರಿಗೆ ಹೋದಳು. ಹಬ್ಬದ ಹಿಂದಿನ ದಿನ ಅಂಗಡಿಗಳಿಗೆ ಮಾಲು ಬೇಗ ಮುಟ್ಟಬೇಕಿತ್ತು. ಮಾವ ಎಂದಿಗಿಂತ ಮುಂಚೆ, ಐದು ಗಂಟೆಗೇ ಗೋಡೌನು ತೆಗೆಸಿ ಟೆಂಪೋ ಹೊರಡಿಸಿದ್ದರು. ನಾನು ತಂಬಿಟ್ಟಿಗೆ ಬೆಲ್ಲ ಕುಟ್ಟುತ್ತಿದ್ದಾಗ ಅವರ ಫೋನು ಬಂತು.

"ಎಲ್ಲಾ ಎಡವಟ್ಟಾಗೈತೆ. ನಿನ್ನೆ ಹೋದ ಊರಿಗೇ ಇವತ್ತೂ ಕಳಿಸೈತೆ. ಸಣ್ಣಾಕಿಗೆ ಫೋನ್ ಹಚ್ಚಿ ಕೇಳು."

ಸಣ್ಣಾಕಿಗೆ ಕೇಳು. ನನ್ನನ್ನು ಕೇಳಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಫೋನು ಹಚ್ಚಿದೆ. ರಿಂಗಾಗಿ ರಿಂಗಾಗಿ ನಿಂತಿತು. ತವರಿನಲ್ಲಿ ಜೋಕಾಲಿ ಕಟ್ಟುವ ಸಂಭ್ರಮ ಇರಬೇಕು. ನನಗೆ ಖುಷಿಯಾಯಿತು, ಇದ್ದದ್ದನ್ನು ಇದ್ದಂತೆ ಹೇಳುತ್ತಿದ್ದೇನೆ. ಕೈ ತೊಳೆದು ಸ್ಕೂಟಿ ಹತ್ತಿದೆ.

ಗೋಡೌನಿನಲ್ಲಿ ಮಾವ ಕೊಂಡಜ್ಜಿ ಊರಿಗೆ ಹೋಗಿದ್ದ ಡ್ರೈವರನಿಗೆ ಫೋನಿನಲ್ಲಿ ಕೂಗಾಡುತ್ತಿದ್ದರು. ಅವರಲ್ಲಿ ಇಪ್ಪತ್ತು ವರ್ಷದಿಂದ ಇರುವ ಮನುಷ್ಯ. ನಾನು ಫೋನು ಇಸಿದುಕೊಂಡೆ.

"ನಿಮಗಾದ್ರೂ ಗೊತ್ತಾಗಲಿಲ್ಲೇನು, ನಿನ್ನೇನೇ ಹೋಗಿದ್ವಿ ಅಂತ?"

"ಗೊತ್ತಾತು ಅಕ್ಕಾರೆ. ಹಬ್ಬ ಐತಲ್ಲ, ಮತ್ತೆ ಮಾಲು ಕೇಳಿರಬೇಕು ಅನ್ಕೊಂಡೆ. ಇಲ್ಲಿ ಅಂಗಡಿಯವ್ರು ನಗಾಕತ್ಯಾರೆ."

ಅವರಿಗೆ ಅಲ್ಲೇ ನಿಲ್ಲಲು ಹೇಳಿ ಬಟನ್ ಒತ್ತಿದೆ. ಸರಿಯಾದ ದಾರಿಗಳು, ಆ ದಿನದ ಅಂಗಡಿಗಳು ಬಂದವು. ನಾನು ಏನೂ ಮಾಡಿರಲಿಲ್ಲ. ಟೆಂಪೋಗಳನ್ನು ತಿರುಗಿಸಿ, ಮಾಲು ಬದಲಿಸಿ ಕಳಿಸಿದ ಮೇಲೂ ನನಗೆ ಮನೆಗೆ ಹೋಗುವ ಮನಸ್ಸಾಗಲಿಲ್ಲ. ಅದೇ ಬಟನ್ನು, ಅದೇ ಪ್ರೋಗ್ರಾಂ, ಬೆಳಗಿನ ಐದಕ್ಕೆ ನಿನ್ನೆಯ ದಿನವನ್ನು ಯಾಕೆ ತೋರಿಸಿತು? ನನ್ನ ಪ್ರೋಗ್ರಾಂ ಇವತ್ತು ಯಾವ ದಿನ ಎಂದು ಕಂಪ್ಯೂಟರನ್ನೇ ಕೇಳಿ ಆರ್ಡರ್ ತೆಗೆದುಕೊಳ್ಳುತ್ತದೆ. ಹಾಗಾದರೆ ಪೆಟ್ಟಿಗೆಯೊಳಗೆ ಗಂಟೆ ಎಷ್ಟು? ಹುಡುಕಿ ಹುಡುಕಿ, ಅದರೊಳಗೆ ಹೋಗಿ ಸಮಯ ಕೇಳುವ ಆಜ್ಞೆಯನ್ನು ಟೈಪ್ ಮಾಡಿದೆ. ಹೊರಗೆ ಬಿಸಿಲು ಏರಿತ್ತು. ಪೆಟ್ಟಿಗೆಯೊಳಗೆ ಇನ್ನೂ ನಸುಕಾಗಿರಲಿಲ್ಲ. ಯಾರೂ ಬೇರೆ ಹೇಳದಿದ್ದರೆ ಕಂಟೇನರು ಇಂಗ್ಲೆಂಡಿನ ಕಡೆಯ ಸಮಯ ಇಟ್ಟುಕೊಳ್ಳುತ್ತದಂತೆ. ನಮಗಿಂತ ಐದೂವರೆ ಗಂಟೆ ಹಿಂದೆ. ದಿನಾ ಏಳಕ್ಕೆ ಒತ್ತುವಾಗ ಅಲ್ಲೂ ದಿನ ಬದಲಾಗಿರುತ್ತಿತ್ತು. ಅಂದು ಐದಕ್ಕೆ ಒತ್ತಿದಾಗ ಅಲ್ಲಿನ್ನೂ ನಿನ್ನೆ.

ಪೆಟ್ಟಿಗೆ ಕಟ್ಟುವ ಫೈಲಿನಲ್ಲಿ ನಮ್ಮ ದೇಶದ ಸಮಯ ಇಟ್ಟುಕೋ ಎಂಬ ಸಾಲು ಸೇರಿಸಿ ಮತ್ತೆ ಕಟ್ಟಿದೆ. ಎರಡು ಸಲ ತಪ್ಪಿ, ಮೂರನೆಯದಕ್ಕೆ ಸರಿಹೋಯಿತು. ಗೆದ್ದೆ ಎನ್ನಿಸಿತು. ಸ್ಕೂಟಿಯಲ್ಲಿ ಬರುವಾಗ ಅತ್ತೆಗೆ ಹೇಗೆ ಹೇಳಬೇಕೆಂದು ಮಾತು ಜೋಡಿಸಿಕೊಂಡು ಬಂದೆ. ನಾನು ಹರಿಹರಕ್ಕೆ ಫೋನು ಹಚ್ಚಿದ್ದನ್ನಷ್ಟೇ ನೋಡಿದ್ದ ಅತ್ತೆ ಪಕ್ಕದ ಮನೆಯವರೊಂದಿಗೆ ಕಾಂಪೌಂಡಿನ ಆಚೆ ಈಚೆ ನಿಂತು ಮಾತಾಡುತ್ತಿದ್ದರು.

"ಸಣ್ಣ ಸೊಸೆ ಹರಿಹರದಾಗ ಕೂತೇ ಸರಿ ಮಾಡಿಬಿಟ್ಲಂತ ನೋಡ್ರಿ. ಏನು ಕಾಲ ಬಂತು!"

ನಾನು ಹೆಲ್ಮೆಟ್ ತೆಗೆಯದೆ ಒಳಗೆ ಹೋಗಿ, ಉಳಿದ ಬೆಲ್ಲವನ್ನು ಪುಡಿಪುಡಿಯಾಗುವ ತನಕ ಕುಟ್ಟಿದೆ.

ಹಬ್ಬ ಮುಗಿಸಿ ಅವಳು ಪಂಚಮಿ ಉಂಡೆಯ ಡಬ್ಬಿ ಹಿಡಿದು ಬಂದಳು. ನಾನು ಮಹಡಿಗೆ ಹೋಗಿ ನಡೆದದ್ದನ್ನು ಹೇಳಿದೆ. ಅವಳ ಮುಖ ಬಾಡುತ್ತದೆಂದು ಕಾದಿದ್ದೆ. ಅವಳು ಕುರ್ಚಿಯಿಂದೆದ್ದಳು.

"ಅಯ್ಯೋ, ನನಗ ಹೊಳೆದೇ ಇಲ್ಲ ಅಕ್ಕಾ! ನೀವೇ ಹುಡುಕಿದ್ರಾ? ತಡೀರಿ, ಮಾವಾರಿಗೆ ಹೇಳ್ತೀನಿ."

ಹೇಳಿಯೂ ಬಿಟ್ಟಳು, ಊಟಕ್ಕೆ ಎಲ್ಲರೂ ಕೂತಾಗ, ಕೈಕಾಲು ಆಡಿಸಿ, ಇದ್ದದ್ದಕ್ಕಿಂತ ದೊಡ್ಡದು ಮಾಡಿ. ಮಾವ "ಹೌದೇನು?" ಎಂದು ನನ್ನ ಕಡೆ ನೋಡಿ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಅತ್ತೆ, "ಇಬ್ಬರೂ ಶಾಣ್ಯಾರೇ ಬಿಡು" ಎಂದರು. ಹೀಗೆ ನನ್ನ ಗೆಲುವನ್ನೂ ಅವಳೇ ತಂದುಕೊಟ್ಟಂತಾಯಿತು. ಅಷ್ಟು ಸಲೀಸಾಗಿ ಇನ್ನೊಬ್ಬಳನ್ನು ಹೊಗಳುವ ಮನಸ್ಸು ಅವಳಿಗಿತ್ತಲ್ಲ, ಅದರ ಮೇಲೂ ನನಗೆ ಹೊಟ್ಟೆಕಿಚ್ಚು.

ಪಾತ್ರೆ ಒರೆಸುವಾಗ ಅವಳು ಮೆಲ್ಲಗೆ ಹೇಳಿದಳು: "ಕಂಪನಿಯಾಗ ನಾನು ಬರೀ ಪೆಟ್ಟಿಗಿ ಕಟ್ಟಾಕಿ ಅಕ್ಕಾ. ಒಳಗ ಇಡೋದನ್ನ ಬ್ಯಾರೆಯವ್ರು ಬರೀತಾರ. ನಿಮ್ಮ ಪ್ರೋಗ್ರಾಂ ಓದಿದಾಗ, ಇಂಥಾದ್ದೊಂದು ನಾನು ಯಾವತ್ತೂ ಬರೆದಿಲ್ಲಲ್ಲ ಅಂತ ಭಾಳ ಹೊಟ್ಟಿ ಉರೀತು."

ಅವಳು ನಗಲಿಲ್ಲ. ನಾನೂ ನಗಲಿಲ್ಲ. ಅವಳ ಕೈಯಿಂದ ಒದ್ದೆ ಬಟ್ಟೆ ಇಸಿದುಕೊಂಡು ಒಣಗಿದ್ದನ್ನು ಕೊಟ್ಟೆ.

ಆ ಮಾತಿನಿಂದ ನನ್ನ ಅಸೂಯೆ ಹೋಯಿತೆಂದರೆ ಸುಳ್ಳಾಗುತ್ತದೆ. ಈಗ ಮಧ್ಯಾಹ್ನ ಅವಳ ಕೆಲಸದ ನಡುವಿನ ಬಿಡುವಿನಲ್ಲಿ ಅವಳು ನನಗೆ ಪೆಟ್ಟಿಗೆ ಕಟ್ಟುವುದನ್ನು ಕಲಿಸುತ್ತಾಳೆ, ನಾನು ಅವಳಿಗೆ ದಾರಿ ಹುಡುಕುವ ಲೆಕ್ಕ ಹೇಳಿಕೊಡುತ್ತೇನೆ. ನಾನು ಬಿಡಿಸಿ ಹೇಳಿದ್ದನ್ನು ಅವಳು ಒಂದೇ ಸಲಕ್ಕೆ ಹಿಡಿಯುತ್ತಾಳೆ. ನನಗೆ ಅವಳು ಹೇಳಿದ್ದನ್ನು ಮತ್ತೊಮ್ಮೆ ಕೇಳಬೇಕಾಗುತ್ತದೆ. ಆಗ ಚುರ್ರೆನ್ನುತ್ತದೆ. ಆದರೂ ಕೇಳುತ್ತೇನೆ.