ಕುಂಕುಮದ ಮನೆಯಲ್ಲಿ ರಿಸೀಟು

ಶನಿವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಗಾನವಿ, ಪರ್ತ್ ನಗರದ ಕ್ಯಾನಿಂಗ್ಟನ್‌ನಲ್ಲಿರುವ ಜಯಮಾಲಾ ಆಂಟಿಯ ಮನೆಯಲ್ಲಿ ಹೆಂಗಸರಿಗೆ ತಾಂಬೂಲ ಕೊಡುತ್ತಿದ್ದಳು. ಅದಕ್ಕೆ ಮುಂಚೆ ಅವರ ಓದುವ ಬಳಗದಲ್ಲಿ ಈಚಿನ ಜಪಾನೀ ಕಾದಂಬರಿಯೊಂದರ ಚರ್ಚೆ ನಡೆದಿತ್ತು. ಬಡ್ತಿ ಬೇಡವೆಂದು ದೊಡ್ಡ ಅಂಗಡಿಯ ಛತ್ರಿ ವಿಭಾಗದಲ್ಲೇ ಉಳಿದುಬಿಡುವ ಹೆಂಗಸಿನ ಕಥೆ.

"ಪಾಪ, ತಲೆ ಸರಿ ಇಲ್ಲ ಅವಳಿಗೆ" ಎಂದು ಆಂಟಿ ತೀರ್ಪು ಕೊಟ್ಟಿದ್ದರು. ಎಲ್ಲರೂ ಹೌದೆಂದಿದ್ದರು. ಎರಡು ಸಲ ಓದಿದ್ದ ಗಾನವಿಗೆ ಮಾತ್ರ, ಅವಳಲ್ಲಿ ಸರಿಯಿಲ್ಲದ್ದು ಯಾವುದೆಂದು ಹೊಳೆದಿರಲಿಲ್ಲ.

ಅದೇ ಯೋಚನೆಯಲ್ಲಿ ಅವಳು ರುಕ್ಮಿಣಿ ಆಂಟಿಗೆ ಕುಂಕುಮ ಕೊಟ್ಟು, ತೆಂಗಿನಕಾಯಿ, ರವಿಕೆ ಕಣವಿದ್ದ ಚೀಲ ನೀಡಿ, ನಗುತ್ತ ಕೇಳಿದಳು: "ರಿಸೀಟ್ ಬೇಕಾ?"

ರುಕ್ಮಿಣಿ ಆಂಟಿ ಚೀಲದಿಂದ ರವಿಕೆ ಕಣ ಹೊರತೆಗೆದರು.

"ಎಕ್ಸ್‌ಚೇಂಜ್ ಇದ್ಯೇನೇ? ಈ ಬಣ್ಣ ನಂಗೆ ಹಿಡಿಸ್ಲಿಲ್ಲ" ಎಂದರು.

ನಗು ಚಿಮ್ಮಿತು, ಗಾನವಿಯೂ ನಕ್ಕಳು. ಅವಳನ್ನು ಕರೆದೊಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದ ಗಂಡ ಶ್ರೀಹರಿ ನಗಲಿಲ್ಲ. ಅವನು ಆಸ್ಪತ್ರೆಯ ವೈದ್ಯ. ಹೆಂಡತಿ ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸ ಮಾಡುವುದನ್ನು ಎಲ್ಲರಿಗೂ "ಟೈಂಪಾಸ್‌ಗೆ" ಎಂದು ಹೇಳಿಕೊಂಡು ಬಂದಿದ್ದ.

ಕಾರಿನಲ್ಲಿ ಕೇಳಿದ: "ಸೋಮವಾರ ಮ್ಯಾನೇಜರ್‌ಗೆ ಏನು ಹೇಳ್ತೀಯಾ?"

ಅಂಗಡಿಯವರು ಕೆಲಸ ಕಾಯಂ ಮಾಡುತ್ತೇವೆಂದಿದ್ದರು. ಇತ್ತ ಶ್ರೀಹರಿ ಗೆಳೆಯನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ಕೆಲಸ ಗೊತ್ತುಮಾಡಿದ್ದ. ಎರಡರಲ್ಲಿ ಒಂದನ್ನು ಬಿಡಬೇಕಿತ್ತು.

"ಗೊತ್ತಾಗ್ತಿಲ್ಲ, ಶ್ರೀ. ಎಂಎಸ್ಸಿ ಮಾಡಿರೋಳು ಅಲ್ಲಿರಬಾರ್ದು ಅಂತಾರೆ. ಕೇಳೋವಾಗ ಸರಿ ಅನ್ಸುತ್ತೆ. ಬೆಳಿಗ್ಗೆ ಹಳೇ ತಾರೀಖಿನ ಹಾಲು ಮುಂದೆ, ಹೊಸದು ಹಿಂದೆ ಜೋಡಿಸ್ತಾ ನಿಂತ್ರೆ ಅದೆಲ್ಲ ಮರ್ತೇ ಹೋಗುತ್ತೆ. ನಂಗೂ ತಲೆ ಸರಿ ಇಲ್ವಾ?"

ಸಿಗ್ನಲ್ ಕೆಂಪಾಗಿತ್ತು. ಶ್ರೀಹರಿ, ನೋವು ಹತ್ತಕ್ಕೆ ಎಷ್ಟೆಂದು ರೋಗಿಗಳನ್ನು ವಿಚಾರಿಸುವ ಹಾಗೆ ಕೇಳಿದ: "ಕ್ಲಿನಿಕ್ ಕೆಲ್ಸ. ಖುಷಿ ಹತ್ತಕ್ಕೆ ಎಷ್ಟು?"

"ನಾಲ್ಕು. ಅಲ್ಲಿ ಎಸಿ ಚೆನ್ನಾಗಿದೆ, ಇನ್ನರ್ಧ ಸೇರಿಸ್ಕೋ."

"ಅಂಗಡಿ?"

ಇದಕ್ಕೆ ಉತ್ತರ ತನ್ನಲ್ಲಿಲ್ಲ ಎಂದುಕೊಂಡಿದ್ದಳು. ತಡೆಯಿಲ್ಲದೆ ಬಂದ ಉತ್ತರ ಕೇಳಿ ಅವಳೇ ಗಲಿಬಿಲಿಗೊಂಡಳು.

ಸೋಮವಾರ ಅಂಗಡಿಗೆ ಹೂಂ ಎಂದಳು. ಗೊಂದಲವೇನೂ ತೀರಿಲ್ಲ, ಅಲ್ಲಿ ಅಷ್ಟೊಂದು ಇರುವುದೇನು ಎಂದು ಯಾರಾದರೂ ಕೇಳಿದರೆ ಈಗಲೂ ತಡವರಿಸುತ್ತಾಳೆ. ಶ್ರೀಹರಿ ಮಾತ್ರ ಮತ್ತೆ ಕೇಳಿಲ್ಲ. ಆ ದಿನ ಸಿಗ್ನಲ್ ಹಸಿರಾದರೂ ಕಾರು ಮುಂದೆ ಬಿಡದೆ ಕೂತಿದ್ದಾಗ, ಅವಳು ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತು: "ಒಂಬತ್ತು."